ನಾಯಿ ಕುಂಟಿದಾಗ



ಬೆಳಗ್ಗೆ ಬಾಲವಾಡಿಸುತ್ತ ಓಡಿಬಂದ ನಾಯಿ ಸಂಜೆಗೆ ಮೂರು ಕಾಲಿನಲ್ಲಿ ನಿಂತಿದ್ದರೆ ಮನೆಮಂದಿಗೆಲ್ಲ ಕಳವಳವಾಗುತ್ತದೆ. ಅದು ಮೂಕಪ್ರಾಣಿ, ನೋವು ಎಲ್ಲಿದೆಯೆಂದು ಹೇಳಲಾರದು. ಈ ವಿಷಯದಲ್ಲಿ ನಾವೇ ಒಮ್ಮೆ ತಪ್ಪಿದ್ದುಂಟು. ನಮ್ಮ ನಾಯಿ ಕುಂಟಿದಾಗ, ಕಾಲು ಉಳುಕಿರಬೇಕೆಂದು ಊಹಿಸಿ, ಅರಿಸಿನದ ಪಟ್ಟು ಹಾಕಿ ಬಟ್ಟೆಯನ್ನು ಬಿಗಿಯಾಗಿ ಸುತ್ತಿದೆವು. ಮೂರನೆಯ ದಿನಕ್ಕೆ ಕಾಲು ಊದಿ ಕೀವು ತುಂಬಿತು. ಪಶುವೈದ್ಯರು ಬಿಚ್ಚಿ ನೋಡಲು, ಬೆರಳುಗಳ ಸಂದಿನಲ್ಲಿ ಗಾಜಿನ ಚೂರೊಂದು ಇದ್ದಿತು. ನಾವು ಪಾದವನ್ನು ಎತ್ತಿ ನೋಡಿಯೇ ಇರಲಿಲ್ಲ!

ಆದಕಾರಣ ಮೊದಲು ನೋಡಬೇಕು, ಮುಟ್ಟುವುದು ಆಮೇಲೆ. ನಾಯಿಯನ್ನು ಸಮನೆಲದ ಮೇಲೆ ನಾಲ್ಕು ಹೆಜ್ಜೆ ಮೆಲ್ಲಗೆ ನಡೆಯಿಸಿರಿ. ನೋವು ಮುಂಗಾಲಿನಲ್ಲಿದ್ದರೆ, ಆ ಕಾಲನ್ನು ಊರಿದಾಗ ತಲೆ ಮೇಲಕ್ಕೇಳುತ್ತದೆ. ಒಳ್ಳೆಯ ಕಾಲನ್ನು ಊರಿದಾಗ ಕೆಳಗಿಳಿಯುತ್ತದೆ. ತರುವಾಯ ಪಾದದಿಂದ ಮೇಲಕ್ಕೆ ಪರೀಕ್ಷಿಸಿರಿ. ನೋವಿನಲ್ಲಿ ಸಾಧುಪ್ರಾಣಿಯೂ ಕಚ್ಚೀತು. ಅದಕ್ಕೆ ಸಲಿಗೆಯಿರುವವರೊಬ್ಬರು ತಲೆಯನ್ನು ಹಿಡಿದುಕೊಂಡಿರಲಿ. ಮುಳ್ಳು, ಗಾಜು, ಸೀಳಿದ ಉಗುರು, ಬಿಸಿಲಿಗೆ ಕಾದ ಡಾಂಬರು ರಸ್ತೆಯಲ್ಲಿ ಸುಟ್ಟ ಅಂಗಾಲು, ಬೆರಳ ಸಂದಿನ ಉಣ್ಣೆ, ಇವನ್ನೆಲ್ಲ ಹುಡುಕಬೇಕು. ಊತವನ್ನೂ ಬಿಸಿಯನ್ನೂ ಜೊತೆಯ ಕಾಲಿನೊಡನೆ ಹೋಲಿಸಿ ತಿಳಿಯಬಹುದು. ಮೇಲೆಯೇ ಕಾಣುವ ಮುಳ್ಳನ್ನು ಚಿಮುಟದಿಂದ ತೆಗೆದು ತೊಳೆಯಿರಿ. ಆಳಕ್ಕಿಳಿದುದನ್ನು ವೈದ್ಯರಿಗೆ ಬಿಡಿರಿ.

ಗಾಯವಿಲ್ಲದೆ, ಸ್ವಲ್ಪವೇ ಕುಂಟುತ್ತ, ಎಂದಿನಂತೆ ತಿನ್ನುತ್ತಿದ್ದರೆ ವಿಶ್ರಾಂತಿಯೇ ಔಷಧ. ಒಂದೆರಡು ದಿನ ಓಟ, ಜಿಗಿತ, ಮೆಟ್ಟಿಲು ಬೇಡ. ಊದಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಬಹುದು. ತಿಕ್ಕಬಾರದು. ಅಷ್ಟಕ್ಕೂ ಗುಣ ಕಾಣದಿದ್ದರೆ ವೈದ್ಯರಲ್ಲಿಗೆ ಒಯ್ಯಬೇಕು.

ಕೆಲವು ಸಂದರ್ಭಗಳಲ್ಲಿ ಕಾಯುವುದೇ ಅಪಾಯ. ಕಾಲನ್ನು ಊರಲಾರದಿದ್ದರೆ, ಅದು ಸೊಟ್ಟಗಾಗಿದ್ದರೆ, ವಾಹನ ಬಡಿದಿದ್ದರೆ, ರಕ್ತ ನಿಲ್ಲದಿದ್ದರೆ, ಹಿಂಗಾಲುಗಳನ್ನು ಎಳೆಯುತ್ತಿದ್ದರೆ, ಕೂಡಲೇ ಹೊರಡಬೇಕು. ತೋಟದಿಂದ ಬಂದೊಡನೆ ಕಾಲು ಬೇಗಬೇಗ ಊದಿದರೆ ಹಾವಿನ ಕಡಿತವನ್ನು ಶಂಕಿಸಬೇಕು. ಜ್ವರದೊಡನೆ ಇಂದು ಒಂದು ಕಾಲು, ನಾಳೆ ಇನ್ನೊಂದು ಎಂಬಂತೆ ಕುಂಟುವುದು ಉಣ್ಣೆಯಿಂದ ಹರಡುವ ರೋಗದ ಲಕ್ಷಣವಾಗಿರಬಹುದು. ಮುರಿದ ಮೂಳೆಯನ್ನು ನೀವೇ ಕೂಡಿಸಹೋಗಬೇಡಿರಿ. ಹಲಗೆಯ ಮೇಲಾಗಲಿ ಕಂಬಳಿಯಲ್ಲಾಗಲಿ ಮಲಗಿಸಿ ಒಯ್ಯಿರಿ.

ಇನ್ನೆರಡು ಎಚ್ಚರಿಕೆಗಳು. ಮನುಷ್ಯರ ನೋವಿನ ಗುಳಿಗೆಗಳನ್ನು ಕರುಣೆಯಿಂದಲೂ ಕೊಡಬಾರದು. ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ಪ್ಯಾರಾಸಿಟಮಾಲ್ ಯಕೃತ್ತಿಗೆ ಹಾನಿ ಮಾಡಬಲ್ಲದು. ಎರಡನೆಯದು ಹುಚ್ಚಿನ ರೋಗ. ಕಾಲಿನ ಬಲ ಕುಂದುವುದರೊಡನೆ ಜೊಲ್ಲು ಸುರಿಯುವುದು, ನುಂಗಲಾರದಿರುವುದು, ಸ್ವಭಾವ ಬದಲಾಗುವುದು ಕಂಡರೆ, ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬೇಡಿರಿ. ಪ್ರತ್ಯೇಕವಾಗಿರಿಸಿ ಪಶುವೈದ್ಯರಿಗೆ ತಿಳಿಸಿರಿ. ಯಾವ ನಾಯಿ ಕಚ್ಚಿದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆಯ ವಿಷಯವನ್ನು ವಿಚಾರಿಸತಕ್ಕದ್ದು.

ನಮ್ಮ ನಾಯಿ ಗುಣವಾಯಿತು. ಆದರೆ ನಾವು ಬಟ್ಟೆಯ ಚಿಂದಿಯನ್ನು ಕೈಗೆತ್ತಿಕೊಂಡರೆ ಸಾಕು, ಬಹುಕಾಲದವರೆಗೆ ಅದು ಮಂಚದ ಕೆಳಗೆ ನುಸುಳುತ್ತಿದ್ದಿತು. ಹೇಳಲಾರದ ಪ್ರಾಣಿಗೂ ಮರೆಯಲಾಗದ ನೆನಪುಂಟು. ನಮಗೆ ಅದರ ಮೇಲೆ ಪ್ರೀತಿಯೇನೋ ಇದ್ದಿತು. ಆ ದಿನ ಇಲ್ಲದೆ ಹೋದದ್ದು ಐದು ನಿಮಿಷದ ತಾಳ್ಮೆ.