ಯಶೋಧರಮ್ಮನವರು ಬಿಟ್ಟ ಕುರ್ಚಿ

(ಶೆಟ್ಟಿಕೆರೆಯ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

ತಾಯಂದಿರೇ, ಮಿಲ್ಲಿನ ಸಂಗಾತಿಗಳೇ, ಅಂಗಡಿ ಬೇಗ ಮುಚ್ಚಿ ಬಂದಿರುವ ವರ್ತಕ ಬಂಧುಗಳೇ,

ಹೆಣ್ಣುಮಗಳೊಬ್ಬಳು ಮಂತ್ರಿಯಾಗುವುದು ಯಾವ ದಾರಿಯಿಂದ, ಆದ ಮೇಲೆ ಅವಳ ಕೈಯಲ್ಲಿ ಏನು ನಡೆದೀತು ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಇಲ್ಲಿಯ ಸಂಗಾತಿಗಳು ಕೇಳಿದ್ದಾರೆ. ದಿಲ್ಲಿಯ ಕಥೆ, ವಿಲಾಯಿತಿಯ ಕಥೆ ನಮಗೆ ಬೇಡ. ತಿಪಟೂರಿನಲ್ಲಿ ರೈಲು ಹತ್ತಿದರೆ ಸಿಕ್ಕುವ ಅರಸೀಕೆರೆಯಲ್ಲಿ ಕಸ್ತೂರಬಾ ಗ್ರಾಮವೆಂಬುದೊಂದಿದೆ. ಹಳ್ಳಿಯ ಹೆಣ್ಣುಮಕ್ಕಳಿಗೆ ಗ್ರಾಮಸೇವೆಯ ತರಬೇತಿ ಕೊಡಲು ಕಸ್ತೂರಬಾ ಸ್ಮಾರಕ ಟ್ರಸ್ಟಿನವರು ಕಟ್ಟಿದ ನೆಲೆ ಅದು. ಆ ಟ್ರಸ್ಟಿನ ಕೆಲಸವನ್ನು ನಮ್ಮ ನಾಡಿನಲ್ಲಿ ಹೊತ್ತು ನಡೆಸಿದವರಲ್ಲಿ ಒಬ್ಬರು ಯಶೋಧರಮ್ಮ ದಾಸಪ್ಪನವರು. ಮಂತ್ರಿಯಾಗಿದ್ದು, ಹೆಂಡದ ಪ್ರಶ್ನೆಯ ಮೇಲೆ ಮಂತ್ರಿ ಪದವಿಯನ್ನೇ ಬಿಟ್ಟು ಬಂದ ಹೆಂಗಸು.

ಅವರು ನಮ್ಮ ಪಕ್ಷದವರಲ್ಲ, ಕಾಂಗ್ರೆಸಿನವರು. ಗಾಂಧಿಯವರ ದಾರಿ ಹಿಡಿದವರು. ಆದರೂ ಕೊಡಬೇಕಾದ ಗೌರವವನ್ನು ಕೊಟ್ಟೇ ಮುಂದೆ ಮಾತಾಡಬೇಕು. ಎದುರು ಪಕ್ಷದವರಲ್ಲಿರುವ ಒಳ್ಳೆಯದನ್ನು ಕಂಡರೂ ಹೇಳಬಾರದೆಂಬುದು ಸಮಾಜವಾದವಲ್ಲ, ಸಣ್ಣತನ.

1905ರಲ್ಲಿ ಬೆಂಗಳೂರಿನಲ್ಲಿ ಅವರು ಹುಟ್ಟಿದರು. ತಂದೆ ಕೆ. ಎಚ್. ರಾಮಯ್ಯನವರು ಒಕ್ಕಲಿಗ ಸಮಾಜದ ಮುಂದಾಳು. ಬೆಂಗಳೂರಿನ ಲಂಡನ್ ಮಿಷನ್ ಶಾಲೆ, ಆಮೇಲೆ ಮದರಾಸಿನ ಕ್ವೀನ್ ಮೇರೀಸ್ ಕಾಲೇಜು. ಹೆಣ್ಣುಮಗಳು ಅಕ್ಷರ ಕಲಿತರೆ ಮನೆ ಕೆಟ್ಟಿತು ಎನ್ನುತ್ತಿದ್ದ ಕಾಲದಲ್ಲಿ ಮದರಾಸಿಗೆ ಓದಲು ಕಳುಹಿಸುವ ತಂದೆ ಎಷ್ಟು ಮಂದಿಗೆ ಇದ್ದಾನು? ಕೈಹಿಡಿದವರು ಎಚ್. ಸಿ. ದಾಸಪ್ಪನವರು. ಅವರು ಮೈಸೂರು ಕಾಂಗ್ರೆಸ್ಸಿನ ದೊಡ್ಡ ತಲೆ, 1947ರ ನಂತರ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲದಲ್ಲಿ ಹಣಕಾಸು ನೋಡಿಕೊಂಡವರು, 1963-64ರಲ್ಲಿ ಇಡೀ ದೇಶದ ರೈಲ್ವೆ ಮಂತ್ರಿಯಾಗಿದ್ದವರು. ಮಗ ತುಳಸೀದಾಸರೂ ಮೈಸೂರಿನಿಂದ ಲೋಕಸಭೆಗೆ ಹೋದರು. ಅಂದರೆ ತಂದೆಯ ಹೆಸರು, ಗಂಡನ ಹೆಸರು, ಕಾಲೇಜಿನ ಓದು, ಈ ಮೂರೂ ಅವರಿಗೆ ಇದ್ದವು. ಇದನ್ನು ನಾವು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ದಾರಿ ಎಲ್ಲಿಂದ ಹೊರಟಿತೆಂದು ತಿಳಿಯದೆ ದಾರಿಯ ಲೆಕ್ಕ ಸಿಕ್ಕುವುದಿಲ್ಲ.

ಆದರೆ ಆ ಮನೆಯಲ್ಲಿ ಅವರು ಸುಮ್ಮನೆ ಕೂತಿರಲಿಲ್ಲ. 1930ರ ದಶಕದ ಅರಣ್ಯ ಸತ್ಯಾಗ್ರಹದಲ್ಲಿ ಸೇರಿದರು. ಆ ದಿನಗಳಲ್ಲಿ ಅವರ ಮನೆಯೇ ಚಳವಳಿಗಾರರು ಕೂಡುವ ಜಾಗವಾಗಿತ್ತು. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಏರಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನ ಸತ್ತರು. ಆ ಕಾಲದಲ್ಲಿ ಸರ್ಕಾರದ ಎದುರು ನಿಂತ ಮನೆಗಳು ಎಂಥ ಭಯದಲ್ಲಿ ದಿನ ದೂಡಿದವೆಂಬುದನ್ನು ಹಿರಿಯರು ನಿಮಗೆ ಹೇಳಿರಬಹುದು. ಅರಣ್ಯ ಸತ್ಯಾಗ್ರಹವೆಂದರೆ ನಮ್ಮ ಕಡೆ ಬಹುಪಾಲು ಈಚಲು ಮರಕ್ಕೆ ಕೊಡಲಿ ಹಾಕುವ ಸತ್ಯಾಗ್ರಹ. 1939ರಲ್ಲಿ ಚಿತ್ರದುರ್ಗದ ಕಡೆಯ ತುರುವನೂರಿನಲ್ಲಿ ನಡೆದದ್ದೂ ಅದೇ. ಹೆಂಡದಿಂದ ಸರ್ಕಾರಕ್ಕೆ ಬರುತ್ತಿದ್ದ ವರಮಾನದ ಬುಡಕ್ಕೇ ಏಟು ಹಾಕಬೇಕೆಂದು ಜನ ಈಚಲು ಕಡಿದರು, ಜೈಲಿಗೆ ಹೋದರು. ತುರುವನೂರಿನ ಆ ಹೋರಾಟದ ಮುಂಚೂಣಿಯಲ್ಲಿದ್ದವರು ಎಸ್. ನಿಜಲಿಂಗಪ್ಪನವರು. ಇದನ್ನು ಸ್ವಲ್ಪ ಜ್ಞಾಪಕದಲ್ಲಿಡಿ.

1962ರಲ್ಲಿ ಎಸ್. ಆರ್. ಕಂಠಿಯವರು ಮುಖ್ಯಮಂತ್ರಿಯಾದಾಗ ಯಶೋಧರಮ್ಮನವರು ಮಂತ್ರಿಯಾದರು. ಹೊಸದುರ್ಗದಲ್ಲಿ ಸೋತಿದ್ದ ನಿಜಲಿಂಗಪ್ಪನವರು ಮತ್ತೆ ಗೆದ್ದು ಬರುವ ತನಕ, ಮೂರು ತಿಂಗಳ ಮಟ್ಟಿಗೆ ಕಂಠಿಯವರು ಆ ಕುರ್ಚಿಯಲ್ಲಿದ್ದರು. ಕಾದಿಟ್ಟ ಕುರ್ಚಿಯನ್ನು ಹಾಗೆ ತಿರುಗಿ ಕೊಟ್ಟವರು ಆಮೇಲೆ ಹೆಚ್ಚು ಮಂದಿ ಸಿಕ್ಕಿಲ್ಲ, ಅದು ಬೇರೆ ಮಾತು. ನಿಜಲಿಂಗಪ್ಪನವರ ಸಂಪುಟದಲ್ಲೂ ಯಶೋಧರಮ್ಮನವರು ಇದ್ದರು.

ಇನ್ನು ಮುಖ್ಯ ಸಂಗತಿ. 1960ರ ದಶಕದಲ್ಲಿ ಮೈಸೂರು ಸರ್ಕಾರ ಪಾನನಿರೋಧವನ್ನು ಕೈಬಿಟ್ಟಿತು. ಯಾರ ಸರ್ಕಾರ? ಈಚಲು ಕಡಿದು ಜೈಲಿಗೆ ಹೋದವರ ಸರ್ಕಾರ! ಖಜಾನೆಗೆ ಹಣ ಬೇಕಾಯಿತು, ಕೊಡಲಿ ಅಟ್ಟಕ್ಕೆ ಹೋಯಿತು. ಮಂತ್ರಿಗಳೆಲ್ಲ ತಮ್ಮ ತಮ್ಮ ಕುರ್ಚಿಯಲ್ಲಿ ಭದ್ರವಾಗಿದ್ದಾಗ ಆ ಹೆಂಗಸು ರಾಜೀನಾಮೆ ಕೊಟ್ಟು ಎದ್ದು ಬಂದರು. 1972ರಲ್ಲಿ ಅವರಿಗೆ ಪದ್ಮಭೂಷಣ ಬಂತು, 1980ರಲ್ಲಿ ತೀರಿಕೊಂಡರು. ಪದ್ಮಭೂಷಣಕ್ಕಿಂತ ಆ ರಾಜೀನಾಮೆ ದೊಡ್ಡದೆಂದು ನಾವು ತಿಳಿದಿದ್ದೇವೆ.

ಆದರೆ ಸಂಗಾತಿಗಳೇ, ರಾಜೀನಾಮೆಯಿಂದ ಏನಾಯಿತು? ಒಂದು ಅಂಗಡಿಯಾದರೂ ಮುಚ್ಚಿತೆ? ಇಲ್ಲ. ಅವರು ಹೊರಗೆ ಬಂದರು, ಸಾರಾಯಿ ಒಳಗೆ ಬಂತು. 1981ರಲ್ಲಿ ಬೆಂಗಳೂರಿನ ಕಡೆ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಬಡವರು ಸತ್ತರು. 2007ರಲ್ಲಿ ಸರ್ಕಾರ ಸಾರಾಯಿಯನ್ನು ನಿಲ್ಲಿಸಿತು. ಜನ ಚಪ್ಪಾಳೆ ತಟ್ಟಿದರು. ಪೊಟ್ಟಣ ಬದಲಾಯಿತು, ಬಣ್ಣ ಬದಲಾಯಿತು, ಕುಡಿತ ಹಾಗೆಯೇ ಉಳಿಯಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತಬೇಕೆಂದು ಗುರಿ ಇಟ್ಟಿದ್ದಾರೆ. ಆ ಕೋಟಿಗಳು ಎಲ್ಲಿಂದ ಬರುತ್ತವೆ? ಶನಿವಾರ ಬಟವಾಡೆಯಾದ ಮಿಲ್ಲಿನ ಕೂಲಿಯಿಂದ, ತೆಂಗಿನಕಾಯಿ ಸುಲಿದ ಕೂಲಿಯಿಂದ. ಇಲ್ಲಿ ಕೂತಿರುವ ಅಂಗಡಿಯವರನ್ನೇ ಕೇಳಿ. ಅಕ್ಕಿಗೆ, ಬೇಳೆಗೆ ಅವರಲ್ಲಿ ಕಡ ಬರೆಸುತ್ತಾರೆ, ಬ್ರಾಂದಿ ಅಂಗಡಿಗೆ ನಗದು ಎಣಿಸುತ್ತಾರೆ. ಸರ್ಕಾರದ ಗುರಿ ಮುಟ್ಟಿದಷ್ಟೂ ನಿಮ್ಮ ಕಡದ ಪುಸ್ತಕ ದಪ್ಪವಾಗುತ್ತದೆ.

ಹಾಗೆಂದು ಬರಿಯ ಕಾನೂನಿನಿಂದ, ಪೊಲೀಸಿನ ಲಾಠಿಯಿಂದ ಕುಡಿತ ಹೋಗುತ್ತದೆಂದು ನಾವು ಹೇಳುವವರಲ್ಲ. ಲಾಠಿ ಬಡವನ ಬೆನ್ನನ್ನೇ ಮೊದಲು ಹುಡುಕುತ್ತದೆ. ನುಸಿ ರೋಗದಲ್ಲಿ ಕಾಯಿ ಕಳೆದುಕೊಂಡ ರೈತ ನೀರಾ ಇಳಿಸಲು ಅನುಮತಿ ಕೇಳಿದಾಗ, 2001ರಲ್ಲಿ ಚನ್ನಪಟ್ಟಣದ ವಿಠಲೇನಹಳ್ಳಿಯಲ್ಲಿ ಗುಂಡು ಹಾರಿಸಿ ಪ್ರಾಣ ತೆಗೆದರು. ಬಾಟಲಿಯ ದೊರೆಗಳಿಗೆ ಲೈಸೆನ್ಸು, ತೆಂಗಿನ ರೈತನಿಗೆ ಗುಂಡು. ಈ ಲೆಕ್ಕ ಗೊತ್ತಿದ್ದೇ ಪಾನನಿರೋಧದ ಮಾತಾಡಬೇಕು.

ಯಶೋಧರಮ್ಮನವರ ರಾಜೀನಾಮೆ ಯಾಕೆ ಫಲಿಸಲಿಲ್ಲ ಎಂದರೆ ಸಂಪುಟದಲ್ಲಿ ಅವರ ಮಾತಿಗೆ ಬಲವಾಗಿ ಇನ್ನೊಂದು ಕುರ್ಚಿ ಏಳಲಿಲ್ಲ. ಒಬ್ಬಂಟಿ ಮಂತ್ರಿಗೆ ಇರುವುದು ಎರಡೇ ದಾರಿ, ಸುಮ್ಮನಿರುವುದು ಇಲ್ಲವೇ ಎದ್ದು ಬರುವುದು. ಅವರು ಎರಡನೆಯದನ್ನು ಆರಿಸಿದರು, ಬಹುಮಂದಿ ಮೊದಲನೆಯದನ್ನು ಆರಿಸುತ್ತಾರೆ. 2023ರ ಚುನಾವಣೆಯಲ್ಲಿ ನಮ್ಮ ವಿಧಾನಸಭೆಯ 224 ಸ್ಥಾನಗಳಲ್ಲಿ ಗೆದ್ದ ಹೆಂಗಸರು ಹತ್ತು ಮಂದಿ. ಆಗ ರಚನೆಯಾದ ಸಂಪುಟದಲ್ಲಿ ಒಬ್ಬರೇ, ಲಕ್ಷ್ಮೀ ಹೆಬ್ಬಾಳ್ಕರ್ ಅವರು. ಖಾತೆ ಯಾವುದು? ಮಹಿಳೆ ಮತ್ತು ಮಕ್ಕಳು. ಹಣಕಾಸಿನ ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿ. ಅಬಕಾರಿಯಂತೂ ಹೆಂಗಸರ ಹತ್ತಿರವೂ ಸುಳಿಯುವುದಿಲ್ಲ. ಕುಡಿತದ ಏಟು ತಿನ್ನುವವರ ಕೈಗೆ ಅಬಕಾರಿ ಖಾತೆಯನ್ನು ಒಮ್ಮೆ ಕೊಟ್ಟು ನೋಡಲಿ!

ಬೇರೆ ದಾರಿಯಿಂದ ಬಂದವರೂ ಇದ್ದಾರೆ. ಗುಂಡ್ಲುಪೇಟೆಯ ಕೆ. ಎಸ್. ನಾಗರತ್ನಮ್ಮನವರು 1957ರಲ್ಲಿ ಪಕ್ಷೇತರರಾಗಿ ನಿಂತು ಗೆದ್ದರು, ಒಟ್ಟು ಏಳು ಸಲ ಗೆದ್ದರು, 1972ರಿಂದ 1978ರವರೆಗೆ ಸಭಾಧ್ಯಕ್ಷರಾಗಿದ್ದರು, ಮಂತ್ರಿಯೂ ಆದರು. ಮೂಡಿಗೆರೆಯ ಮೋಟಮ್ಮನವರು ಕೂಲಿ ಮಾಡುವ ದಲಿತ ಕುಟುಂಬದವರು. 1978ರಲ್ಲಿ ಶಾಸಕರಾದರು, 1999ರಲ್ಲಿ ಎಸ್. ಎಂ. ಕೃಷ್ಣರ ಸಂಪುಟ ಸೇರಿದರು. ಮೊದಲ ಗೆಲುವಿನಿಂದ ಅಲ್ಲಿಗೆ ಇಪ್ಪತ್ತೊಂದು ವರ್ಷ. ನಿಮ್ಮಲ್ಲಿ ಎಷ್ಟೋ ಜನ ಅಕ್ಕಂದಿರು ಸ್ತ್ರೀಶಕ್ತಿ ಗುಂಪಿನ ಪಾಸ್‌ಬುಕ್ಕು ಇಟ್ಟುಕೊಂಡಿದ್ದೀರಿ. ಆ ಯೋಜನೆ ಹೊರಟದ್ದು ಅವರು ಮಂತ್ರಿಯಾಗಿದ್ದ ಕಾಲದಲ್ಲಿ. ಕೂಲಿಯವರ ಮಗಳು ಮಂತ್ರಿಯಾದರೆ ಕೂಲಿಯವರ ಮನೆಗೆ ಏನು ಬರಬಹುದೆಂಬುದಕ್ಕೆ ಅದೊಂದು ಗುರುತು. 2023ರಲ್ಲಿ ಅದೇ ಮೂಡಿಗೆರೆಯಲ್ಲಿ ಅವರ ಮಗಳು ನಯನಾ ಗೆದ್ದಿದ್ದಾರೆ. ಕಷ್ಟಪಟ್ಟು ಕಡಿದ ದಾರಿಯೂ ಎರಡನೆಯ ತಲೆಮಾರಿಗೆ ಮನೆಯ ದಾರಿಯಾಗುತ್ತದೆ, ನೋಡಿ. ಮಗಳದು ತಪ್ಪೆನ್ನುವುದಿಲ್ಲ. ಇನ್ನೊಬ್ಬ ಕೂಲಿಯ ಮಗಳಿಗೆ ದಾರಿ ಎಲ್ಲಿ ಎಂದಷ್ಟೇ ಕೇಳುತ್ತೇವೆ.

ದಾರಿ ಇರುವುದು ನಿಮ್ಮ ಪಂಚಾಯಿತಿ ಕಟ್ಟೆಯಲ್ಲೇ. ರಾಮಕೃಷ್ಣ ಹೆಗಡೆ, ನಜೀರ್ ಸಾಬರ ಕಾಲದಲ್ಲಿ ಆದ ಕಾನೂನಿನಂತೆ 1987ರ ಚುನಾವಣೆಯಲ್ಲಿ ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ ಬಂತು. 1993ರ ಕಾನೂನು ಅದನ್ನು ಮೂರರಲ್ಲೊಂದು ಮಾಡಿತು. 2010ರ ತಿದ್ದುಪಡಿಯಿಂದ ಅರ್ಧವಾಯಿತು. ಶಾಸನಸಭೆಗಳಲ್ಲಿ ಮೂರರಲ್ಲೊಂದು ಕೊಡುವ ತಿದ್ದುಪಡಿಯನ್ನು 2023ರಲ್ಲಿ ಪಾಸು ಮಾಡಿ, ಜನಗಣತಿ, ಕ್ಷೇತ್ರ ವಿಂಗಡಣೆ ಎಂದು ಮುಂದಕ್ಕೆ ಹಾಕಿದರು. ಪಂಚಾಯಿತಿಯ ಅರ್ಧಕ್ಕಾದರೋ ಕಾಯುವ ಅಗತ್ಯವಿಲ್ಲ. ಅಲ್ಲಿ ನಡೆಯುತ್ತಿರುವುದೇನು? ಹೆಸರು ಹೆಂಡತಿಯದು, ಮಾತು ಗಂಡನದು. ನಾವು ಮೇಷ್ಟರಾಗಿದ್ದಾಗ ಗಂಡುಹುಡುಗರಿಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದ ಹುಡುಗಿಯರನ್ನು ಕಂಡಿದ್ದೇವೆ. ಅವರಲ್ಲಿ ಎಷ್ಟೋ ಜನ ಇವತ್ತು ಕಾಯಿಪುಡಿ ಕಾರ್ಖಾನೆಯಲ್ಲಿ ದಿನಗೂಲಿಗೆ ಹೋಗುತ್ತಾರೆ. ಪಂಚಾಯಿತಿಯ ಜಮಾಖರ್ಚು ಓದಲು ಅವರಿಗೆ ಗಂಡನ ನೆರವು ಬೇಕೆ?

2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಂಗಸರು ಮದ್ಯ ನಿಲ್ಲಿಸಿ ಎಂದು ನಡೆದರು. ನಮ್ಮ ತುಮಕೂರು ಜಿಲ್ಲೆಯ ರಸ್ತೆಯಲ್ಲೇ ಹಾದುಹೋದರು. ರಾಯಚೂರು ಕಡೆಯ ಬರಿಗಾಲಿನ ಕೂಲಿ ಹೆಂಗಸರು ಅವರಲ್ಲಿ ಬಹಳ. ಯಶೋಧರಮ್ಮನವರು ಒಳಗೆ ಒಬ್ಬರೇ ಕೂತು ಕೇಳಿದ್ದನ್ನು ಇವರು ಹೊರಗೆ ಸಾವಿರ ಮಂದಿಯಾಗಿ ಕೇಳಿದರು. ಒಳಗಿನವರೂ ಹೊರಗಿನವರೂ ಒಂದೇ ಕಾಲಕ್ಕೆ ಕೇಳಿದ ದಿನ ಇನ್ನೂ ಬಂದಿಲ್ಲ.

ಆದ್ದರಿಂದ ಈ ಹೋಬಳಿಯಲ್ಲಿ ಮಾಡಬೇಕಾದ ಕೆಲಸ ಇಷ್ಟು. ಮುಂದಿನ ಪಂಚಾಯಿತಿ ಚುನಾವಣೆಗೆ ಮಿಲ್ಲಿನಲ್ಲಿ, ಕಾಯಿ ಮಂಡಿಯಲ್ಲಿ ದುಡಿಯುವ ಹೆಂಗಸರ ಹೆಸರನ್ನು ಈಗಲೇ ಗುರುತಿಸಿ. ನಾಮಪತ್ರದ ಠೇವಣಿಯನ್ನು ಅಂಗಡಿ ಬಂಧುಗಳು ಕೂಡಿಹಾಕಲಿ. ಮುಂದಿನ ಗ್ರಾಮಸಭೆಗೆ ಮನೆಗೊಬ್ಬ ಹೆಂಗಸು ಬಂದು, ಊರಿನಲ್ಲಿ ಕದ್ದು ಬಾಟಲಿ ಮಾರುವ ಕಡೆಗಳ ಪಟ್ಟಿಯನ್ನು ನಡವಳಿ ಪುಸ್ತಕದಲ್ಲಿ ಬರೆಸಲಿ. ಕಾರ್ಯದರ್ಶಿ ಬರೆಯುವುದಿಲ್ಲವೆಂದರೆ ಬರೆಯುವ ತನಕ ಯಾರೂ ಏಳಬೇಡಿ. ಹೆಸರು ಕೊಡುವ ಅಕ್ಕಂದಿರು ಸಭೆ ಮುಗಿದ ಮೇಲೆ ಇಲ್ಲೇ ಮೇಜಿನ ಹತ್ತಿರ ಬನ್ನಿ, ಪುಸ್ತಕ ತಂದಿದ್ದೇವೆ.