ಕೆಲಸ ಮುಗಿಸಿ ಓದಿದ ಪುಸ್ತಕಗಳು

(ಹೆಬ್ಬಗೋಡಿಯಲ್ಲಿ ಕೆಲಸಗಾರರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಸಾಹಿತ್ಯದ ಮೇಲೆ ಮಾತನಾಡಲು ಪಂಡಿತರನ್ನು ಕರೆಯುವುದು ವಾಡಿಕೆ. ನೀವು ಕಾರ್ಖಾನೆಯ ಉಗ್ರಾಣದಲ್ಲಿ ಲೆಕ್ಕ ಬರೆಯುವ ನನ್ನನ್ನು ಕರೆದಿದ್ದೀರಿ. ರಸ, ಧ್ವನಿ, ಅಲಂಕಾರಗಳ ವಿಚಾರ ನನ್ನಿಂದ ನಿರೀಕ್ಷಿಸಬೇಡಿ. ಕಳೆದ ಕೆಲವು ತಿಂಗಳಲ್ಲಿ ಶಿಫ್ಟು ಮುಗಿಸಿ ಬಂದು ಓದಿದ ಐದಾರು ಪುಸ್ತಕಗಳು ನನಗೆ ಹೇಗೆ ಕಂಡವೆಂಬುದನ್ನಷ್ಟೆ ಹೇಳುತ್ತೇನೆ. ದುಡಿದು ದಣಿದವನು ಪುಸ್ತಕ ಹಿಡಿದಾಗ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ: ಈ ಕಥೆಯ ಜನ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ? ಅವರ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ? ಈ ಒಂದೇ ಅಳತೆಗೋಲು ನನ್ನದು.

ಮೊದಲನೆಯದು ಶಿವರಾಮ ಕಾರಂತರ ‘ಚೋಮನ ದುಡಿ’, 1933ರ ಕಾದಂಬರಿ. ಚೋಮನಿಗೆ ಎತ್ತುಗಳಿವೆ, ತೋಳಿನಲ್ಲಿ ಶಕ್ತಿಯಿದೆ, ಉಳುವ ಆಸೆಯಿದೆ. ಇಲ್ಲದಿರುವುದು ಭೂಮಿ. ಹುಟ್ಟಿದ ಜಾತಿಗಾಗಿ ಅದು ಅವನಿಗೆ ಸಿಗುವಂತಿಲ್ಲ. ಈ ಕಥೆ ಎಲ್ಲರಿಗೂ ಗೊತ್ತು. ನನ್ನನ್ನು ಕಾಡಿದ್ದು ಅದರೊಳಗಿನ ಕಾಫಿ ತೋಟದ ಸಾಲ. ಮಕ್ಕಳು ಘಟ್ಟ ಹತ್ತಿ ದುಡಿದರೂ ಸಾಲ ತೀರುವುದಿಲ್ಲ. ಏಕೆಂದರೆ ಅದನ್ನು ಬರೆದಿಡುವವನು ತೋಟದ ರೈಟರು ಮನ್ವೇಲ. ಓದುಬರಹ ಅವನದು, ಬೆವರು ಇವರದು. ಕೊನೆಗೆ ಮಗಳು ಬೆಳ್ಳಿ ತೋಟಕ್ಕೆ ಹೋಗಿ ತೆರಬಾರದ ಬೆಲೆ ತೆತ್ತ ಮೇಲೆಯೇ ಆ ಸಾಲ ಚುಕ್ತಾ ಆಗುತ್ತದೆ. ಲೆಕ್ಕ ಬರೆಯುವ ಕಸುಬಿನವನಾದ ನನಗೆ ಆ ಪುಟಗಳನ್ನು ದಾಟುವುದು ಕಷ್ಟವಾಯಿತು. ಸಂಬಳದ ಚೀಟಿಯಲ್ಲಿ ಯಾವುದು ಏಕೆ ಕಡಿತವಾಯಿತೆಂದು ಓದಲಾರದೆ ಸಹಿ ಹಾಕುವವರು ಇಂದಿಗೂ ನಮ್ಮ ನಡುವೆ ಇದ್ದಾರಲ್ಲವೆ?

ದೇವನೂರ ಮಹಾದೇವರ ‘ಒಡಲಾಳ’ ಚಿಕ್ಕ ಪುಸ್ತಕ. ಒಂದು ಭಾನುವಾರ ಸಾಕು. ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾಳೆ. ಅವಳ ಮನೆಯವರೆಲ್ಲ ಒಲೆಯ ಸುತ್ತ ಕೂತು, ಸಾಹುಕಾರನಿಗೆ ಸೇರಿದ ಕಡಲೆಕಾಯಿಯನ್ನು ರಾತ್ರಿಯೆಲ್ಲ ತಿಂದು ಮುಗಿಸುತ್ತಾರೆ. ಬೆಳಗಾದರೆ ಪೋಲೀಸರು. ಹಸಿವಿನ ಕಥೆಯೆಂದರೆ ಅಳುವೇ ಇರಬೇಕೆಂದು ಕೆಲವರು ತಿಳಿದಿರುತ್ತಾರೆ. ಇಲ್ಲಿ ನಗು ಇದೆ, ಜಗಳ ಇದೆ, ಗೋಡೆಯ ಮೇಲೆ ಹುಡುಗಿ ಬರೆದ ನವಿಲಿದೆ. ಬಡವರನ್ನು ಕನಿಕರದ ವಸ್ತುವಾಗಿ ಮಾಡದೆ, ಮನುಷ್ಯರನ್ನಾಗಿ ಬರೆದ ಪುಸ್ತಕ ಇದು. ಭಾಷೆಯೂ ನಮ್ಮ ಚಾಮರಾಜನಗರ, ನಂಜನಗೂಡಿನ ಗೆಳೆಯರು ಆಡುವಂಥದೇ. ಗಟ್ಟಿಯಾಗಿ ಓದಿದರೆ ಇನ್ನೂ ರುಚಿ.

ಇನ್ನು ಪೇಟೆಯ ಪುಸ್ತಕಗಳು. ಯಶವಂತ ಚಿತ್ತಾಲರ ‘ಶಿಕಾರಿ’ (1979) ಮುಂಬಯಿಯ ಕಂಪನಿಯೊಂದರ ದೊಡ್ಡ ಅಧಿಕಾರಿ ನಾಗಪ್ಪನ ಕಥೆ. ಇದ್ದಕ್ಕಿದ್ದಂತೆ ಅವನನ್ನು ಅಮಾನತು ಮಾಡುತ್ತಾರೆ. ಮಾಡಿದ ತಪ್ಪೇನೆಂದು ಅವನಿಗೇ ತಿಳಿಯದು. ಪುಸ್ತಕ ದಪ್ಪ, ನಡಿಗೆ ನಿಧಾನ. ಎರಡು ಸಲ ಬದಿಗಿಟ್ಟೆ. ಆದರೆ ಕೈಯಲ್ಲಿ ಕಾಗದ ಬಂದ ಮೇಲೆ ಮನುಷ್ಯನ ನಿದ್ದೆ ಹೇಗೆ ಹೋಗುತ್ತದೆ, ಯಾರ ಮಾತನ್ನೂ ನಂಬಲಾಗದೆ ಹೇಗೆ ಒಬ್ಬಂಟಿಯಾಗುತ್ತಾನೆ ಎಂಬುದನ್ನು ಇಷ್ಟು ಚೆನ್ನಾಗಿ ಬರೆದವರನ್ನು ನಾನು ಓದಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನಮ್ಮ ತಮ್ಮಂದಿರು ಇದನ್ನು ಓದಬೇಕು. ಕುತ್ತಿಗೆಯಲ್ಲಿ ಗುರುತಿನ ಚೀಟಿ ಇದ್ದ ಮಾತ್ರಕ್ಕೆ ತಾವು ಕೂಲಿಯವರಲ್ಲವೆಂದು ತಿಳಿದಿದ್ದರೆ, ನಾಗಪ್ಪ ಬುದ್ಧಿ ಹೇಳುತ್ತಾನೆ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಬೆಂಗಳೂರಿನದೇ. ಒಂದೊಂದು ಕಾಸನ್ನೂ ಎಣಿಸಿ ಖರ್ಚು ಮಾಡುತ್ತಿದ್ದ, ಇರುವೆ ಮುತ್ತುವ ಪುಟ್ಟ ಮನೆಯ ಕುಟುಂಬಕ್ಕೆ ಮಸಾಲೆ ವ್ಯಾಪಾರದಿಂದ ಹಣ ಬರುತ್ತದೆ. ಕಷ್ಟದಲ್ಲಿ ಒಟ್ಟಿಗಿದ್ದವರು ಸುಖದಲ್ಲಿಯೂ ಒಟ್ಟಿಗಿರುತ್ತಾರೆ, ಆದರೆ ಆ ಒಗ್ಗಟ್ಟು ಈಗ ಹೊರಗಿನವರನ್ನು ಹೊಡೆದಟ್ಟುವುದಕ್ಕೆ. ಮನೆಯ ಚಿಕ್ಕಪ್ಪನಿಗೆಂದು ಬೇಳೆಸಾರು ಮಾಡಿ ತಂದ ಹೆಂಗಸನ್ನು ಮನೆಯ ಹೆಂಗಸರೇ ಬೈದು ಬಾಗಿಲಿನಿಂದ ಕಳಿಸುವ ಪ್ರಸಂಗ ಓದಿ ಊಟ ಸೇರಲಿಲ್ಲ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಮಸಾಲೆ ಮಾರಿ ಮನೆ ಬೆಳೆಯಿತು. ಆ ಮಸಾಲೆಯನ್ನು ಪೊಟ್ಟಣ ಕಟ್ಟಿದ ಕೈಗಳ ಮನೆ ಏನಾಯಿತು? ಅದು ಆ ಲೇಖಕರು ಹೇಳಹೊರಟ ಕಥೆಯಲ್ಲ, ಒಪ್ಪುತ್ತೇನೆ. ಆದರೆ ನನ್ನಂಥ ಓದುಗನ ಕಣ್ಣು ಅತ್ತಲೇ ಹೋಗುತ್ತದೆ.

ಬಾನು ಮುಷ್ತಾಕ್ ಅವರ ಕಥೆಗಳನ್ನು ನಾನು ಓದಿದ್ದು ಬಹುಮಾನ ಬಂದ ಮೇಲೆಯೇ. 2025ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ ಹನ್ನೆರಡು ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಹುಮಾನ ಬಂತು. ಕನ್ನಡಕ್ಕೆ ಇದೇ ಮೊದಲು. ‘ಎದೆಯ ಹಣತೆ’ಯ ಮೆಹರುನ್ ಗಂಡನಿಂದ ನೊಂದು ತವರಿಗೆ ಬರುತ್ತಾಳೆ, ಮಾನ ಹೋದೀತೆಂದು ಅಣ್ಣತಮ್ಮಂದಿರು ಅವಳನ್ನು ತಿರುಗಿ ಕರೆತಂದು ಬಿಡುತ್ತಾರೆ. ಧರ್ಮ ಯಾವುದಾದರೇನು, ಈ ಅಣ್ಣತಮ್ಮಂದಿರು ಎಲ್ಲ ಜಾತಿಯಲ್ಲಿಯೂ ಇದ್ದಾರೆ. ಕೈಯಲ್ಲಿ ಸ್ವಂತ ಸಂಬಳವಿದ್ದಿದ್ದರೆ ಮೆಹರುನ್ ಯಾರ ಬಾಗಿಲನ್ನು ತಟ್ಟುತ್ತಿದ್ದಳು ಎಂದು ನಾನು ಯೋಚಿಸಿದೆ.

ಫುಟ್‌ಪಾತಿನಲ್ಲಿ ರಾಶಿ ಹಾಕಿ ಮಾರುವ, ಶ್ರೀಮಂತರಾಗುವ ದಾರಿ ತೋರಿಸುವ ಪುಸ್ತಕಗಳನ್ನೂ ಒಂದೆರಡು ಓದಿದೆ. ಸಂಬಳಕ್ಕೆ ದುಡಿಯುವುದೇ ದಡ್ಡತನ, ಹಣವನ್ನು ದುಡಿಸು ಎನ್ನುತ್ತವೆ ಅವು. ಎಲ್ಲರೂ ಹಾಗೆ ಮಾಡಿದರೆ ಅಂಗಿ ಹೊಲಿಯುವವರು ಯಾರು, ಔಷಧ ತಯಾರಿಸುವವರು ಯಾರು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಹಣ ದುಡಿಯುವುದಿಲ್ಲ ಗೆಳೆಯರೆ, ದುಡಿಯುವುದು ಮನುಷ್ಯರೇ.

ಇಷ್ಟೆಲ್ಲ ಓದಿಯೂ ನಾನು ಹುಡುಕುತ್ತಿದ್ದ ಒಂದು ಪುಸ್ತಕ ನನ್ನ ಕೈಗೆ ಸಿಗಲಿಲ್ಲ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ಮಾಡಿತು: ಪಿ.ಎಫ್.ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ. ಏಪ್ರಿಲ್ 18, 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಲಿಗೆ ಯಂತ್ರ ಬಿಟ್ಟು ಹೊಸೂರು ರಸ್ತೆಗೆ ಇಳಿದರು. ದೊಡ್ಡ ಸಂಘಗಳು ಕರೆ ಕೊಟ್ಟಿರಲಿಲ್ಲ. ಕಲ್ಲು ತೂರಾಟ, ಲಾಠಿ, ಬೆಂಕಿ ಎಲ್ಲವೂ ಆಯಿತು. ನಮ್ಮ ಹೆಬ್ಬಗೋಡಿಯಲ್ಲಿಯೂ ವಾಹನಗಳು ಉರಿದವು. ಹತ್ತೊಂಬತ್ತರಂದೇ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಇಡೀ ದೇಶದ ಕೆಲಸಗಾರರ ದುಡ್ಡನ್ನು ಉಳಿಸಿಕೊಟ್ಟ ಆ ಎರಡು ದಿನಗಳ ಕಥೆಯನ್ನು ಒಳಗಿನಿಂದ ಬರೆದವರು ಯಾರು? ಮದುವೆಗೋ, ಹೆರಿಗೆಗೋ, ಮನೆಯ ಮುಂಗಡಕ್ಕೋ ಆ ಹಣವನ್ನು ನೆಚ್ಚಿಕೊಂಡಿದ್ದವಳ ಎದೆಯಲ್ಲಿ ಆ ಬೆಳಿಗ್ಗೆ ಏನಿತ್ತೆಂಬುದು ಪತ್ರಿಕೆಯ ವರದಿಯಲ್ಲಿ ಬರುವುದಿಲ್ಲ. ಅದನ್ನು ಬರೆಯಬೇಕಾದವರು ಈ ಸಭೆಯಲ್ಲಿಯೇ ಕೂತಿರಬಹುದು.

ಬರೆಯಬೇಕಾದರೆ ಮೊದಲು ಓದಬೇಕು. ಓದಲು ಪುಸ್ತಕ ಬೇಕು, ಹೊತ್ತು ಬೇಕು. ಕರ್ನಾಟಕದ ಗ್ರಂಥಾಲಯ ಕಾಯಿದೆ ಬಂದದ್ದು 1965ರಲ್ಲಿ. ಅದರ ಪ್ರಕಾರ ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತಾರೆ. ಬಾಡಿಗೆ ಕೋಣೆಯಲ್ಲಿರುವವರು ಅದನ್ನು ಬಾಡಿಗೆಯ ಮೂಲಕ ತೆರುತ್ತಲೇ ಇದ್ದಾರೆ. ಆದ್ದರಿಂದ ಪುಸ್ತಕ ಕೇಳುವುದು ಭಿಕ್ಷೆಯಲ್ಲ. ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು. ನನ್ನ ಸಲಹೆ ಮೂರು. ಕೈಗಾರಿಕಾ ಊರುಗಳ ಗ್ರಂಥಾಲಯ ಶಿಫ್ಟು ಬಿಟ್ಟವರಿಗೂ ತೆರೆದಿರಲಿ. ರಾತ್ರಿ ಒಂಬತ್ತಕ್ಕೂ ದೀಪ ಉರಿಯಲಿ. ಒಡಿಶಾ, ಬಿಹಾರ, ಅಸ್ಸಾಮಿನಿಂದ ಬಂದ ಗೆಳೆಯರಿಗೆ ಅವರ ಭಾಷೆಯ ಪುಸ್ತಕವೂ, ಕನ್ನಡ ಕಲಿಯುವ ಪುಸ್ತಕವೂ ಅಲ್ಲಿರಲಿ. ಸಂಬಳದ ಚೀಟಿ ಓದಲು ಕಲಿಸುವ ಒಂದು ಗಂಟೆಯ ತರಗತಿಯನ್ನು ವಾರಕ್ಕೊಮ್ಮೆ ನಾವೇ ನಡೆಸೋಣ. ಅದಕ್ಕೆ ನಾನು ಬರುತ್ತೇನೆ.

ಈ ಬೇಡಿಕೆಯನ್ನು ಬರೆದು, ಎಲ್ಲರೂ ಸಹಿ ಮಾಡಿ, ನಗರಸಭೆಗೂ ಗ್ರಂಥಾಲಯ ಇಲಾಖೆಗೂ ಕಳುಹಿಸಬೇಕೆಂದು ಸಭೆಯನ್ನು ಕೇಳಿಕೊಳ್ಳುತ್ತೇನೆ. ಸಹಿ ಮಾಡುವ ಮೊದಲು ಪ್ರತಿಯೊಬ್ಬರೂ ಅದನ್ನು ಓದಿರಿ.