ಗುಣವಾಗಿ ಬಂದವಳಿಗೆ ಮನೆಯಲ್ಲಿ ಜಾಗವಿದೆಯೇ?

(ಓದುಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪ್ರೇಮ ಕಾದಂಬರಿಗಳ ಕುರಿತು ಮಾತನಾಡಲು ನಾವು ನಿಂತಿರುವುದು ಕೆಲವರಿಗೆ ಅಚ್ಚರಿ ತಂದಿರಬಹುದು. ಅವು ಕಾಲಹರಣದ ಸರಕು ಎಂಬುದು ನಮ್ಮ ಹಿರಿಯರಲ್ಲಿ ಅನೇಕರ ಅಭಿಪ್ರಾಯ. ಆ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆಂದು ನಾವು ವಾದಿಸುವುದಿಲ್ಲ. ಆದರೆ ನಮ್ಮ ಮಕ್ಕಳು ಅವುಗಳನ್ನು ಓದುತ್ತಾರೆ ಎಂಬುದೂ ಸತ್ಯವೇ. ಓದಿದ ಮೇಲೆ ಅವರ ಮನದಲ್ಲಿ ಯಾವ ನಂಬಿಕೆ ಉಳಿಯುತ್ತದೆ? ಅದರಲ್ಲೂ ಎರಡು ಜೀವಗಳು ಮೆಲ್ಲಮೆಲ್ಲನೆ ಹತ್ತಿರ ಬರುವ ಕಥೆಯಲ್ಲಿ ಒಬ್ಬರ ಮನಸ್ಸು ಕಾಯಿಲೆ ಬಿದ್ದರೆ ಮುಂದೇನು? ಇಂದಿನ ನಮ್ಮ ಮಾತು ಈ ಪ್ರಶ್ನೆಗೆ ಸೀಮಿತ.

ಲೈಲಾ-ಮಜ್ನೂನ್ ಹೆಸರನ್ನು ಕೇಳದವರು ನಮ್ಮಲ್ಲಿಲ್ಲ. ಅವನ ನಿಜನಾಮ ಕೈಸ್. 'ಮಜ್ನೂನ್' ಎಂಬುದು ಹುಚ್ಚನೆಂದು ಜನರು ಕಟ್ಟಿದ ಪಟ್ಟ. ಪಾರಸಿ ಕವಿ ನಿಜಾಮಿ 1188ರಲ್ಲಿ ಪೂರ್ಣಗೊಳಿಸಿದ ಕಾವ್ಯದಲ್ಲಿ, ಹುಚ್ಚನಿಗೆ ಹೆಣ್ಣು ಕೊಡಲಾರೆನೆಂದು ಲೈಲಾಳ ತಂದೆ ನಿರಾಕರಿಸುತ್ತಾನೆ. ಕೇಳಿದವರು ಮಾತ್ರ ಆ ಹುಚ್ಚನ್ನು ಪ್ರೇಮದ ಹಿರಿಮೆಯೆಂದೇ ಬಗೆದರು. ಇನ್ನು 1847ರಲ್ಲಿ ಪ್ರಕಟವಾದ ಷಾರ್ಲೆಟ್ ಬ್ರಾಂಟೆಯವರ 'ಜೇನ್ ಐರ್' ಕಾದಂಬರಿಯನ್ನು ನೋಡಿ. ಮನೆಯ ಯಜಮಾನ ಮತ್ತು ಪಾಠ ಹೇಳಲು ಬಂದ ಶಿಕ್ಷಕಿಯ ನಡುವೆ ಒಲವು ನಿಧಾನವಾಗಿ ಬೆಳೆಯುತ್ತದೆ. ಅದೇ ಮನೆಯ ಮೇಲಂತಸ್ತಿನಲ್ಲಿ ಅವನ ಪತ್ನಿಯನ್ನು ಹುಚ್ಚಿಯೆಂದು ಕೂಡಿಹಾಕಲಾಗಿದೆ. ಬೆಂಕಿಯ ಅನಾಹುತದಲ್ಲಿ ಅವಳು ಸತ್ತ ನಂತರವೇ ಪ್ರೇಮಿಗಳು ಒಂದಾಗುತ್ತಾರೆ. ಆ ಪತ್ನಿಯ ಕಡೆಯ ಕಥೆ ಹೇಳಲು 1966ರಲ್ಲಿ ಜೀನ್ ರಿಸ್ ಎಂಬ ಲೇಖಕಿಯೇ ಬರಬೇಕಾಯಿತು. ಒಂದು ಕಡೆ ಕಾಯಿಲೆ ಪ್ರೇಮದ ಕಿರೀಟ, ಇನ್ನೊಂದು ಕಡೆ ಪ್ರೇಮದ ಹಾದಿಯ ಮುಳ್ಳು. ರೋಗಿಯ ನೋವು ಎರಡು ಕಡೆಯೂ ಬದಿಗೆ ಸರಿಯಿತು.

ಆ ನೋವನ್ನು ಕಥೆಯ ನಡುವೆ ತಂದು ನಿಲ್ಲಿಸಿದವರು ಕನ್ನಡದ ತ್ರಿವೇಣಿಯವರು. ಮನಃಶಾಸ್ತ್ರ ವ್ಯಾಸಂಗ ಮಾಡಿದ್ದ ಅವರು 1928ರಿಂದ 1963ರವರೆಗಿನ ಅಲ್ಪಾಯುಷ್ಯದಲ್ಲಿ ಸುಮಾರು 20 ಕಾದಂಬರಿಗಳನ್ನು ಬರೆದರು. ಅವರ 'ಶರಪಂಜರ'ವನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದರು. ನಾಯಕಿ ಕಾವೇರಿ ಒಪ್ಪಿದವನನ್ನೇ ಮದುವೆಯಾಗುತ್ತಾಳೆ. ಹೆರಿಗೆಯ ಬಳಿಕ ಅವಳ ಮನಸ್ಸಿನ ಸಮತೋಲ ತಪ್ಪುತ್ತದೆ. ಆಸ್ಪತ್ರೆಯಲ್ಲಿ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಬೇರೆಯವರಾಗಿದ್ದರೆ ಕಥೆಯನ್ನು ಅಲ್ಲಿಗೇ ಮುಗಿಸುತ್ತಿದ್ದರೇನೋ. ತ್ರಿವೇಣಿಯವರ ಪ್ರಶ್ನೆ ಅಲ್ಲಿಂದಲೇ ಆರಂಭವಾಗುತ್ತದೆ. ನೆರೆಹೊರೆಗೆ ಅವಳು ಇನ್ನೂ ಹುಚ್ಚಿಯೇ. ಪ್ರೀತಿಸಿ ಕೈಹಿಡಿದ ಗಂಡನ ಮನಸ್ಸು ಬೇರೆಡೆಗೆ ವಾಲಿದೆ. ಕೊನೆಗೆ ಅವಳ ಮನಸ್ಸು ಮತ್ತೆ ಒಡೆಯುತ್ತದೆ. ವೈದ್ಯರು ಕಟ್ಟಿದ್ದನ್ನು ಮನೆಯವರು ಕೆಡವಿದರು ಎಂಬುದೇ ಆ ಕಥೆಯ ಸಾರ.

ಸಹೋದರರೇ, ಕಾವೇರಿಯಂತಹವರು ನಮ್ಮ ಬೀದಿಗಳಲ್ಲಿ ಇಲ್ಲವೇ? ಹೆರಿಗೆಯ ನಂತರದ ತೀವ್ರ ಮನೋರೋಗ ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರನ್ನು ಕಾಡುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಹೆಚ್ಚಾಗಿ ಮೊದಲ ಎರಡು ವಾರಗಳಲ್ಲೇ ಅದು ತಲೆದೋರುತ್ತದೆ. ತಡಮಾಡದೆ ಚಿಕಿತ್ಸೆ ಕೊಡಿಸಿದರೆ ಗುಣವಾಗುತ್ತದೆ. ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಆರೈಕೆ ಮಾಡುವ ವಿಭಾಗವೊಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲೇ ಆರಂಭವಾಯಿತು. ಆದರೆ ನಮ್ಮ ಅನೇಕ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು "ಗಾಳಿ ಸೋಕಿದೆ" ಎಂದು. ತಾಯಿತ, ಮಂತ್ರಿಸಿದ ನೀರು, ಮತ್ತೊಂದು ಊರಿನ ಯಾತ್ರೆ ಎನ್ನುತ್ತಾ ಅಮೂಲ್ಯ ದಿನಗಳು ಕಳೆದುಹೋಗುತ್ತವೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾವನ್ನು ನಂಬಿ ಬಂದ ರೋಗಿಗಳನ್ನು ಇರಿಸಿದ್ದ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಿಗಿದಿದ್ದ ರೋಗಿಗಳು ಓಡಲಾರದೆ ಹೋದರು. 28 ಮಂದಿ ಪ್ರಾಣ ತೆತ್ತರು. ಕೂಡಿಹಾಕಿದವರು ಬೆಂಕಿಗೆ ಆಹುತಿಯಾಗುವುದು ಆಂಗ್ಲ ಕಾದಂಬರಿಯಲ್ಲಿ ಮಾತ್ರ ನಡೆದುದಲ್ಲ.

ಇನ್ನೊಂದು ಮಾತು ಇದಕ್ಕಿಂತಲೂ ಅಪಾಯಕಾರಿ. "ನಿಕಾಹ್ ಮಾಡಿಸಿ, ಎಲ್ಲ ಸರಿಹೋಗುತ್ತದೆ" ಎನ್ನುತ್ತಾರೆ. ಪ್ರೇಮವೊಂದೇ ಸಕಲ ರೋಗಕ್ಕೂ ಮದ್ದೆಂದು ಸಾರುವ ಅಗ್ಗದ ಕಾದಂಬರಿಗೂ ಈ ಮಾತಿಗೂ ಏನು ವ್ಯತ್ಯಾಸ? ಖಿನ್ನತೆಯಿಂದ ನರಳುವ ಹುಡುಗನ ಕಾಯಿಲೆಯನ್ನು ಮುಚ್ಚಿಟ್ಟು ಹೆಣ್ಣು ತರುತ್ತಾರೆ. ಹೊಸ ಮನೆಯವರಿಗೆ ತಿಳಿದೀತೆಂಬ ಭಯದಿಂದ ಮಗಳ ಮಾತ್ರೆಗಳನ್ನೇ ನಿಲ್ಲಿಸುತ್ತಾರೆ. ಕಾಯಿಲೆ ಮರುಕಳಿಸಿದಾಗ ಅವಳ ಮೇಲೆಯೇ ಮೋಸದ ಆರೋಪ. ಮುಚ್ಚಿಟ್ಟವರು ಹಿರಿಯರು, ಶಿಕ್ಷೆ ಮಾತ್ರ ಅವಳಿಗೆ. ಇದು ಯಾವ ನ್ಯಾಯ?

ಪ್ರೀತಿ ಔಷಧಿಯ ಜಾಗವನ್ನು ತುಂಬಲಾರದು. ಆದರೆ ಔಷಧಿಯಿಂದ ಗುಣವಾದವರನ್ನು ಉಳಿಸಿಕೊಳ್ಳಲು ಪ್ರೀತಿ ಬೇಕೇಬೇಕು. ನಿಧಾನವಾಗಿ ಬೆಳೆಯುವ ಒಲವಿನ ಕಥೆಗಳು ನಮಗೆ ಕಲಿಸಬಹುದಾದದ್ದು ತಾಳ್ಮೆಯನ್ನು. ಹೊತ್ತಿಗೆ ಸರಿಯಾಗಿ ಮಾತ್ರೆ ನೆನಪಿಸುವುದು, ವೈದ್ಯರ ಬಳಿ ಜೊತೆಗೆ ಹೋಗಿ ಕುಳಿತುಕೊಳ್ಳುವುದು, ಚೇತರಿಸಿಕೊಂಡು ಬಂದ ತಾಯಿಯ ಮಡಿಲಿಗೆ ಅಂಜದೆ ಮಗುವನ್ನು ಕೊಡುವುದು, ಅವಳು ಕೋಪಿಸಿಕೊಂಡಾಗ ಹಳೆಯ ಕಾಯಿಲೆಯ ಮಾತೆತ್ತದಿರುವುದು, ಇವೆಲ್ಲ ದಾಂಪತ್ಯದ ಪ್ರೇಮವೇ. ಎಲ್ಲಿಗೆ ಹೋಗಬೇಕೆಂದು ತೋಚದವರಿಗೆ 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿಯಿದೆ. ಅದರ ಸಂಖ್ಯೆ 14416.

ಮಗಳ ಕೈಯಲ್ಲಿ 'ಶರಪಂಜರ'ವನ್ನು ಕಂಡರೆ ದಯವಿಟ್ಟು ಕಿತ್ತುಕೊಳ್ಳಬೇಡಿ. ಅವಳು ಓದಿ ಮುಗಿಸಿದ ಮೇಲೆ ಮಗನ ಕೈಗೂ ಕೊಡಿ. ನಾಳೆ ಗಂಡನಾಗುವವನು ಅವನು. ಇಷ್ಟು ವಿನಂತಿಯೊಂದಿಗೆ ನಮ್ಮ ಮಾತನ್ನು ಮುಗಿಸುತ್ತೇವೆ.